ಕಡಲತೀರಕ್ಕೆ ಯಾವ ಮೆಟಲ್ ಡಿಟೆಕ್ಟರ್? ಪಲ್ಸ್ ಇಂಡಕ್ಷನ್ ಕೊಳ್ಳುವ ಮುಂಚೆ ನೋಡಬೇಕಾದದ್ದು

ಬೀಚಿಗೆ ಮೆಟಲ್ ಡಿಟೆಕ್ಟರ್ ಬೇಕು ಅನ್ನುವವರು ಸಾಮಾನ್ಯವಾಗಿ ಮಾಡೆಲ್ ಹೆಸರು ಹಿಡಿದೇ ಬರುತ್ತಾರೆ. "ಸೀ ಹಂಟರ್ ತಗೊಳ್ಳಲಾ, ಇಕ್ವಿನಾಕ್ಸ್ ತಗೊಳ್ಳಲಾ?" ಅಂತ ಕೇಳುತ್ತಾರೆ. ಯಾವ ಬೀಚು, ಅಲ್ಲಿ ಮರಳು ಎಂಥದು, ಹುಡುಕುವುದು ಏನನ್ನು ಎಂದು ತಿರುಗಿ ಕೇಳಿದರೆ ಉತ್ತರ ಇರುವುದಿಲ್ಲ. ವಿಡಿಯೋ ನೋಡಿ ಅರ್ಧ ತೀರ್ಮಾನ ಮಾಡಿ ಆಗಿರುತ್ತದೆ. ಪಲ್ಸ್ ಇಂಡಕ್ಷನ್ ಅಂದರೆ ಪಿಐ, ಅದು ತುಂಬ ಆಳ ನೋಡುತ್ತದೆ, ಉಪ್ಪುನೀರಿಗೆ ಹೆದರುವುದಿಲ್ಲ, ಹಾಗಾಗಿ ಬೀಚಿಗೆ ಅದೇ ಸರಿ ಅನ್ನುವ ಲೆಕ್ಕ.

ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಮೊದಲು ಮರಳು ಆರಿಸಿ, ಆಮೇಲೆ ಯಂತ್ರ. ಪಿಐ ಕೆಲವು ಬೀಚುಗಳಲ್ಲಿ ಬೇರೆ ಯಾವುದೂ ಮಾಡಲಾಗದ ಕೆಲಸ ಮಾಡುತ್ತದೆ. ಇನ್ನು ಕೆಲವು ಬೀಚುಗಳಲ್ಲಿ ಅದೇ ಯಂತ್ರ ನಿಮ್ಮ ಕೈಯಲ್ಲಿ ಇಡೀ ಬೆಳಗು ಹೇರ್‌ಪಿನ್ ಅಗೆಸುತ್ತದೆ.

ಉಪ್ಪುನೀರಿನ ತೊಂದರೆ ಏನು?

ಮಾಮೂಲಿ ಡಿಟೆಕ್ಟರ್‌ಗಳು ವಿಎಲ್‌ಎಫ್, ಅಂದರೆ ತೀರಾ ಕಮ್ಮಿ ಫ್ರೀಕ್ವೆನ್ಸಿಯ ಬಗೆಯವು. ಕೋಲಿನ ತುದಿಯ ಒಂದು ಕಾಯಿಲ್‌ನಿಂದ, ಅಂದರೆ ತಂತಿಯ ಸುರುಳಿಯಿಂದ, ಬಿಡುವಿಲ್ಲದೆ ಒಂದೇ ಫ್ರೀಕ್ವೆನ್ಸಿಯ ಕಾಂತಕ್ಷೇತ್ರ ಹೊರಡುತ್ತಿರುತ್ತದೆ. ಇನ್ನೊಂದು ಕಾಯಿಲ್ ಅದರಲ್ಲಾಗುವ ಏರುಪೇರು ಗಮನಿಸುತ್ತಿರುತ್ತದೆ. ಒಣ ಮಣ್ಣಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಸಮುದ್ರದ ನೀರು ತಾನೇ ವಿದ್ಯುತ್ ಹರಿಯಬಿಡುವ ವಸ್ತು. ಒದ್ದೆ ಮರಳಿನ ಮೇಲೆ ಕಾಯಿಲ್ ಆಡಿಸಿದ ಕೂಡಲೇ ವಿಎಲ್‌ಎಫ್ ಯಂತ್ರ ಮರಳನ್ನೇ ಲೋಹ ಅಂದುಕೊಂಡು ಕೂಗಲು ಶುರು ಮಾಡುತ್ತದೆ. ಆ ಕೂಗು ತೆಳು ಚಿನ್ನ, ಫಾಯಿಲ್ ಚೂರು ಕೊಡುವ ಸದ್ದಿನಂಥದ್ದೇ. ಉಪ್ಪಿನ ಬಾಯಿ ಮುಚ್ಚಿಸಿದರೆ ತೆಳು ಚಿನ್ನದ ಬಾಯಿಯೂ ಮುಚ್ಚುತ್ತದೆ.

ಪಿಐ ಬೇರೆ ದಾರಿ ಹಿಡಿಯುತ್ತದೆ. ಅದು ಸೆಕೆಂಡಿಗೆ ನೂರಾರು ಸಲ ಕಾಯಿಲ್‌ಗೆ ಜೋರಾದ ಕರೆಂಟು ಕೊಟ್ಟು ತಟ್ಟನೆ ಕಡಿಯುತ್ತದೆ. ಕಡಿದ ಕ್ಷಣದಲ್ಲಿ ಹತ್ತಿರ ಇರುವ ಲೋಹದಲ್ಲಿ ಸುಳಿ ಪ್ರವಾಹ, ಅಂದರೆ ಸುತ್ತುತ್ತಾ ಹರಿಯುವ ಕರೆಂಟು ಹುಟ್ಟಿ, ನಿಧಾನವಾಗಿ ಕರಗುತ್ತದೆ. ಯಂತ್ರ ಸ್ವಲ್ಪ ಹೊತ್ತು ಕಾದು ಆಮೇಲೆ ಕಿವಿಗೊಡುತ್ತದೆ. ಹೊತ್ತು ಅಂದರೆ 10–15 ಮೈಕ್ರೊಸೆಕೆಂಡ್ ಆಸುಪಾಸು. ಸಂತೆ ಗದ್ದಲ ಇಳಿಯುವ ತನಕ ಸುಮ್ನಿದ್ದು ಆಮೇಲೆ ಮಾತು ತೆಗೆಯುವವರ ಹಾಗೆ. ಉಪ್ಪುನೀರಿನ ಪ್ರವಾಹ ಅಷ್ಟರೊಳಗೆ ಸತ್ತಿರುತ್ತದೆ. ಉಂಗುರದ್ದು ಇನ್ನೂ ಉಸಿರಾಡುತ್ತಿರುತ್ತದೆ.

ಈ ಕಾಯುವ ಹೊತ್ತಿಗೆ ಡಿಲೇ ಅನ್ನುತ್ತಾರೆ. ಪಿಐ ಗುಟ್ಟೆಲ್ಲ ಇರುವುದು ಇದರಲ್ಲೇ. ಡಿಲೇ ಕಮ್ಮಿ ಇಟ್ಟರೆ ಸಣ್ಣ ಚಿನ್ನ ಸಿಗುತ್ತದೆ, ಉಪ್ಪೂ ಕೂಗುತ್ತದೆ. ಜಾಸ್ತಿ ಇಟ್ಟರೆ ಯಂತ್ರ ಶಾಂತವಾಗುತ್ತದೆ, ಜೊತೆಗೆ ಕಿವಿಯೋಲೆ, ಮೂಗುಬಟ್ಟಿನಂಥ ಸಣ್ಣ ವಸ್ತುಗಳೂ ಕೈತಪ್ಪುತ್ತವೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಮರಳು. ನಿಮ್ಮ ಬೀಚಿನಲ್ಲಿ ನೀವು ನಡೆಯುವುದು ಮೇಲಿನ ಒಣ ಮರಳಿನಲ್ಲೋ, ಅಲೆ ಬಂದು ಹೋಗುವ ಒದ್ದೆ ಪಟ್ಟಿಯಲ್ಲೋ, ಸೊಂಟ ಮುಳುಗುವ ನೀರಿನಲ್ಲೋ? ಕಪ್ಪು ಮರಳು ಇದೆಯಾ? ಕಾರವಾರದ ಮಾಜಾಳಿ ಪಕ್ಕದ ತಿಳ್ಮಾಟಿ ಪೂರ್ತಿ ಕಪ್ಪು. ಬೇರೆ ಬೀಚುಗಳಲ್ಲೂ ಮಳೆಗಾಲ ಮುಗಿದ ಮೇಲೆ ಕಪ್ಪು ಮರಳಿನ ಪಟ್ಟಿಗಳು ಎದ್ದು ಕಾಣುತ್ತವೆ. ಅದರಲ್ಲಿ ಕಬ್ಬಿಣದ ಅಂಶದ ಖನಿಜ ಇರುತ್ತದೆ. ಉಪ್ಪು ಮತ್ತು ಕಪ್ಪು ಮರಳು ಎರಡೂ ಒಟ್ಟಿಗೆ ಇದ್ದರೆ ವಿಎಲ್‌ಎಫ್ ಕೈಚೆಲ್ಲುತ್ತದೆ. ಹಾಗೇ ಗೋಕರ್ಣ, ಹೊನ್ನಾವರದ ಕಡೆ ಗುಡ್ಡ ನೇರ ಕಡಲಿಗೆ ಇಳಿಯುವಲ್ಲಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ತುಂಡುಗಳು ಮರಳಿನಲ್ಲಿ ಬೆರೆತಿರುತ್ತವೆ. ಇವು ಪಿಐ ಯಂತ್ರವನ್ನೂ ಏಮಾರಿಸುತ್ತವೆ.

ಎರಡನೆಯದು ಕಸ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಮಲ್ಪೆಯ ಪಕ್ಕದಲ್ಲೇ ಮೀನುಗಾರಿಕಾ ಬಂದರು. ಅಂಥ ತೀರದ ಮರಳಲ್ಲಿ ಬಲೆಯ ಸೀಸದ ಗುಂಡು, ಗಾಳದ ಕೊಕ್ಕೆ, ತುಕ್ಕು ಹಿಡಿದ ಮೊಳೆ ಇದ್ದೇ ಇರುತ್ತವೆ. ಜನ ಜಾಸ್ತಿ ಬರುವ ಪಣಂಬೂರು, ಮುರುಡೇಶ್ವರದಂಥ ಕಡೆ ಬಾಟಲಿ ಮುಚ್ಚಳ, ಮಾತ್ರೆಯ ಹಾಳೆ, ಹೇರ್‌ಪಿನ್. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ ಸ್ವಚ್ಛ ಬೀಚಿನ ಮಾನ್ಯತೆ ಸಿಕ್ಕಿತು. ಅಂಥ ಗುಡಿಸಿ ಇಟ್ಟ ಬೀಚಿನಲ್ಲಿ ಇದೇ ಪಿಐ ಬೇರೆಯೇ ಯಂತ್ರ ಅನ್ನಿಸುತ್ತದೆ.

ಮೂರನೆಯದು, ಹುಡುಕುವುದು ಏನನ್ನು. ಅಮೆರಿಕ, ಯೂರೋಪಿನವರು ಬರೆದ ಸಲಹೆಗಳು 10, 14 ಕ್ಯಾರೆಟ್ ಉಂಗುರದ ಲೆಕ್ಕದಲ್ಲಿರುತ್ತವೆ. ನಮ್ಮಲ್ಲಿ ಕಳೆಯುವುದು 22 ಕ್ಯಾರೆಟ್, 916 ಮುದ್ರೆಯ ಚಿನ್ನ. ಮಿಶ್ರಣ ಕಮ್ಮಿ ಇರುವುದರಿಂದ ಅದರಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ, ಸುಳಿ ಪ್ರವಾಹ ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾಗಿ ಡಿಲೇ ಸ್ವಲ್ಪ ಏರಿಸಿದರೂ ನಮ್ಮ ಉಂಗುರ ತಪ್ಪಿಸಿಕೊಳ್ಳುವುದಿಲ್ಲ.

ಸರ ಮಾತ್ರ ಬೇರೆ ಕಥೆ. ಮರಳಲ್ಲಿ ಬಿದ್ದ ಚೈನು ನಮಗೆ ಒಂದೇ ವಸ್ತು. ಡಿಟೆಕ್ಟರ್‌ಗೆ ಅದು ನೂರಾರು ಸಣ್ಣ ಕೊಂಡಿ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಪ್ರವಾಹ ಸರಿಯಾಗಿ ದಾಟುವುದಿಲ್ಲ, ಪ್ರತಿ ಕೊಂಡಿಯೂ ಒಂಟಿಯಾಗಿಯೇ ಸದ್ದು ಕೊಡಬೇಕು. 2 ಗ್ರಾಂ ಉಂಗುರ ಒಂದು ಗೇಣು ಆಳದಿಂದ ಕೂಗುತ್ತದೆ. 10 ಗ್ರಾಂ ಸಣ್ಣ ಕೊಂಡಿಯ ಚೈನು ನಾಲ್ಕು ಬೆರಳು ಆಳದಲ್ಲಿ ಮೌನವಾಗಿ ಮಲಗಿರಬಹುದು. ಕರಿಮಣಿ ಸರದಲ್ಲಂತೂ ಕೇಳಿಸುವುದು ತಾಳಿ ಮಾತ್ರ. ಕಾಲುಂಗುರ ಬಾಯಿ ತೆರೆದಿರುವುದರಿಂದ ಮುಚ್ಚಿದ ಉಂಗುರದಷ್ಟು ಜೋರಿಲ್ಲ, ಆದರೆ ಬೆಳ್ಳಿಯಾದ್ದರಿಂದ ಪರವಾಗಿಲ್ಲ. ನೀವು ಹುಡುಕುವುದು ಕಳೆದುಹೋದ ಚೈನು ಅಂತಾದರೆ ಯಾವ ಯಂತ್ರದ ಆಳದ ಜಾಹೀರಾತನ್ನೂ ನಂಬಬೇಡಿ.

ಕೊನೆಯದಾಗಿ ದುಡ್ಡು ಮತ್ತು ರಿಪೇರಿ. ಒಳ್ಳೆಯ ಯಂತ್ರಗಳೆಲ್ಲ ಹೊರಗಿನಿಂದ ಬರುತ್ತವೆ. ಅಲ್ಲಿನ ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್, ಜಿಎಸ್‌ಟಿ ಸೇರುತ್ತವೆ. ವಾಟರ್‌ಪ್ರೂಫ್ ಯಂತ್ರದೊಳಗೆ ನೀರು ಹೋದರೆ ಪಕ್ಕದ ಮೊಬೈಲ್ ಅಂಗಡಿಯವನು ಏನೂ ಮಾಡಲಾರ. ವಾರಂಟಿ ಯಾರು ಕೊಡುತ್ತಾರೆ, ಭಾರತದಲ್ಲೇ ಸರ್ವಿಸ್ ಇದೆಯಾ ಅನ್ನುವುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಅಗ್ಗದ ವಿಎಲ್‌ಎಫ್

ಆನ್‌ಲೈನ್‌ನಲ್ಲಿ ಐದರಿಂದ ಹತ್ತು ಸಾವಿರಕ್ಕೆ ಸಿಗುವ ಯಂತ್ರಗಳು. ಕಾಯಿಲ್ ಮಾತ್ರ ನೀರು ತಡೆಯುತ್ತದೆ, ಮೇಲಿನ ಡಬ್ಬಿ ತಡೆಯುವುದಿಲ್ಲ. ಒಣ ಮರಳಿಗೆ, ಮನೆ ಹಿತ್ತಲಿಗೆ, ಮಕ್ಕಳ ಕೈಗೆ ಅಡ್ಡಿಯಿಲ್ಲ. ಒದ್ದೆ ಮರಳಿಗೆ ಇಳಿಸಿದರೆ ಕಿವಿ ತೂತಾಗುವಷ್ಟು ಕೂಗುತ್ತದೆ. ಬೀಚಿಗೆಂದೇ ಕೊಳ್ಳುವುದಾದರೆ ಈ ದುಡ್ಡು ಉಳಿಸಿಡಿ.

ಬಹು ಫ್ರೀಕ್ವೆನ್ಸಿಯವು

ಇವು ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಕಳಿಸಿ, ಬಂದ ಉತ್ತರಗಳನ್ನು ಹೋಲಿಸಿ ಉಪ್ಪಿನ ಪಾಲನ್ನು ಕಳೆದುಬಿಡುತ್ತವೆ. ಮೈನ್‌ಲ್ಯಾಬ್‌ನ ಇಕ್ವಿನಾಕ್ಸ್ 700 ಮತ್ತು 900, ನೊಕ್ಟಾದ ಲೆಜೆಂಡ್, ಎಕ್ಸ್‌ಪಿಯ ಡಿಯಸ್ 2 ಈ ಸಾಲಿನವು. ಇಕ್ವಿನಾಕ್ಸ್ 5 ಮೀಟರ್, ಲೆಜೆಂಡ್ 3 ಮೀಟರ್, ಡಿಯಸ್ 20 ಮೀಟರ್ ನೀರಿಗೆ ಇಳಿಯಬಲ್ಲದು. ಹಳೆಯ ಎಕ್ಸ್‌ಕ್ಯಾಲಿಬರ್ 2 ಕೂಡ ಇದೇ ಜಾತಿ. ಅದು 60 ಮೀಟರ್‌ವರೆಗೆ ಹೋಗುತ್ತದೆ, ಸ್ಕ್ರೀನ್ ಇಲ್ಲ, ಗುಂಡಿ ತಿರುಗಿಸಿ ಸದ್ದು ಕೇಳಬೇಕು ಅಷ್ಟೆ.

ಇವುಗಳ ದೊಡ್ಡ ಲಾಭ ಸ್ಕ್ರೀನಿನ ಮೇಲೆ ಬರುವ ಸಂಖ್ಯೆ. ಕಬ್ಬಿಣವೋ ಬೇರೆಯೋ ಅನ್ನುವುದು ಅಗೆಯುವ ಮುಂಚೆಯೇ ಸುಮಾರಾಗಿ ಗೊತ್ತಾಗುತ್ತದೆ. ಕಸ ತುಂಬಿದ ಬೀಚಿನಲ್ಲಿ ಇದು ಅರ್ಧ ಕೆಲಸ ಉಳಿಸುತ್ತದೆ. ಆದರೆ ಸಂಖ್ಯೆಯನ್ನು ದೇವರ ಪ್ರಸಾದ ಅಂದುಕೊಳ್ಳಬೇಡಿ. ಉಂಗುರ, ಕ್ಯಾನಿನ ಕಿವಿ, ಸೀಸದ ಗುಂಡು ಮೂರೂ ಒಂದೇ ಆಸುಪಾಸಿನ ಸಂಖ್ಯೆ ಕೊಡಬಲ್ಲವು. ಚಿನ್ನವನ್ನು ಮಾತ್ರ ತೋರಿಸಿ ಬೇರೆಲ್ಲ ಬಿಡುವ ಯಂತ್ರ ಇನ್ನೂ ಹುಟ್ಟಿಲ್ಲ. ಒಂದು ತಮಾಷೆಯೂ ಇದೆ. 1992ರಿಂದ ಬರುತ್ತಿರುವ ನಮ್ಮ ಒಂದು ರೂಪಾಯಿ ನಾಣ್ಯ ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲಿನದು, ಆಯಸ್ಕಾಂತಕ್ಕೆ ಅಂಟುತ್ತದೆ. ಕಬ್ಬಿಣ ಬೇಡ ಅಂತ ಯಂತ್ರಕ್ಕೆ ಹೇಳಿದರೆ ಈ ನಾಣ್ಯವನ್ನೂ ಅದು ಬಿಟ್ಟು ಮುಂದೆ ಹೋಗಬಹುದು. ನಷ್ಟ ಒಂದು ರೂಪಾಯಿ, ಬಿಡಿ.

ಕೊರತೆ ಅಂದರೆ ಕಪ್ಪು ಮರಳು. ಉಪ್ಪು ನಿಭಾಯಿಸುತ್ತವೆ, ತೆಳುವಾದ ಕಪ್ಪು ಪಟ್ಟಿಯನ್ನೂ ಹೇಗೋ ನಿಭಾಯಿಸುತ್ತವೆ. ದಟ್ಟ ಕಪ್ಪು ಮರಳು ಒದ್ದೆಯಾದರೆ ಆಳ ಬಿದ್ದುಹೋಗುತ್ತದೆ, ಸಂಖ್ಯೆಗಳು ಕುಣಿಯಲು ಶುರು ಮಾಡುತ್ತವೆ. ಬೆಲೆ ಅಮೆರಿಕದಲ್ಲಿ ಲೆಜೆಂಡ್, ಇಕ್ವಿನಾಕ್ಸ್ 700 ಇವು ಐನೂರರಿಂದ ಎಂಟುನೂರು ಡಾಲರ್ ನಡುವೆ ಓಡಾಡುತ್ತವೆ. ಡಿಯಸ್ ಅದಕ್ಕಿಂತ ಸಾಕಷ್ಟು ಮೇಲೆ.

ಪಿಐ

ಬೀಚಿಗೆ, ನೀರಿಗೆ ಅಂತಲೇ ಮಾಡಿದ ಪಿಐಗಳಲ್ಲಿ ಈಗ ಹೊಸದಾಗಿ ಸುಲಭವಾಗಿ ಸಿಗುವುದು ಗ್ಯಾರೆಟ್‌ನ ಸೀ ಹಂಟರ್ ಮಾರ್ಕ್ 2. ಸುಮಾರು 60 ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ಬೆಲೆ ಏಳುನೂರು ಡಾಲರ್ ಆಸುಪಾಸು. ಕೈಯಲ್ಲಿ ಭಾರ ಅನ್ನಿಸುತ್ತದೆ, ಆದರೆ ಡಬ್ಬಿಯನ್ನು ಕೋಲಿನಿಂದ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ವೈಟ್ಸ್ ಮತ್ತು ಟೆಸೊರೊ ಕಂಪನಿಗಳ ಹೆಸರಾಂತ ಬೀಚ್ ಪಿಐಗಳು ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಮಾತ್ರ. ಆ ಎರಡೂ ಕಂಪನಿಗಳು ಬಾಗಿಲು ಹಾಕಿವೆ. ಹಳೆಯದು ಅಗ್ಗ ಅಂತ ಕೊಂಡರೆ ಬಿಡಿಭಾಗಕ್ಕೆ ಪರದಾಡಬೇಕು. ಮೈನ್‌ಲ್ಯಾಬ್‌ನ ಎಸ್‌ಡಿಸಿ 2300 ಕೂಡ ಪಲ್ಸ್ ಬಗೆಯದೇ, 3 ಮೀಟರ್ ನೀರಿಗೆ ಇಳಿಯುತ್ತದೆ, ಸಣ್ಣ ಚಿನ್ನ ಹಿಡಿಯುವುದರಲ್ಲಿ ಗಟ್ಟಿಗ. ಆದರೆ ಅದು ಗಣಿ ಪ್ರದೇಶದಲ್ಲಿ ಚಿನ್ನದ ಗಟ್ಟಿ ಹುಡುಕುವವರಿಗೆ ಮಾಡಿದ ದುಬಾರಿ ಯಂತ್ರ. ಬೀಚಿನ ಹವ್ಯಾಸಕ್ಕೆ ಅಷ್ಟು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಗ್ಯಾರೆಟ್ ಆಕ್ಸಿಯಂ ಇನ್ನೊಂದು ಒಳ್ಳೆಯ ಪಿಐ, ಆದರೆ ಅದರ ಡಬ್ಬಿ ನೀರಿಗೆ ಬೀಳುವಂತಿಲ್ಲ. ನಮ್ಮ ಅಲೆಗಳ ಮುಂದೆ ಅದನ್ನು ಹಿಡಿದು ನಿಲ್ಲುವ ಧೈರ್ಯ ನನಗಂತೂ ಇಲ್ಲ.

ಪಿಐ ಕೊಡುವುದೇನು? ಒದ್ದೆ ಮರಳು, ಒಣ ಮರಳು, ನೀರು, ಕಪ್ಪು ಮರಳು, ಎಲ್ಲದರಲ್ಲೂ ಹೆಚ್ಚು ಕಮ್ಮಿ ಒಂದೇ ಆಳ. ಉಂಗುರಕ್ಕೆ ಒಂದು ಅಡಿ ಹತ್ತಿರ ನಿರೀಕ್ಷಿಸಬಹುದು. ಮಳೆಗಾಲದಲ್ಲಿ ಕಡಲು ಮರಳು ಕೊಚ್ಚಿಕೊಂಡು ಹೋಗುತ್ತದೆ, ಭಾರದ ವಸ್ತುಗಳು ಕೆಳಗಿನ ಗಟ್ಟಿ ಪದರದ ಮೇಲೆ ಕೂರುತ್ತವೆ. ಆಮೇಲೆ ಹೊಸ ಮರಳು ಬಂದು ಮುಚ್ಚುತ್ತದೆ. ಆ ಪದರಕ್ಕೆ ಕೈ ಹಾಕಬೇಕು ಅಂದರೆ ಆಳ ಬೇಕೇ ಬೇಕು.

ಕಸಿದುಕೊಳ್ಳುವುದೇನು? ಆಯ್ಕೆ. ಪಿಐಗೆ ಎಲ್ಲ ಲೋಹವೂ ಲೋಹವೇ. ಹೇರ್‌ಪಿನ್ ಅಂದರೆ ಅದಕ್ಕೆ ಪ್ರಾಣ. ಸೀ ಹಂಟರ್‌ನಲ್ಲಿ ಕಸ ಬಿಡಿಸುವ ಒಂದು ಗುಂಡಿ ಇದೆ. ಹೊಸಬರು ಅದನ್ನು ಕಂಡು ಖುಷಿಯಾಗಿ ಅರ್ಧಕ್ಕೆ ತಿರುಗಿಸಿ ಇಡುತ್ತಾರೆ. ಆ ಗುಂಡಿ ಮಾಡುವುದು ಬೇಗ ಸಾಯುವ ಸದ್ದುಗಳನ್ನು ಕಡೆಗಣಿಸುವ ಕೆಲಸ. ಫಾಯಿಲ್ ಹೋಗುತ್ತದೆ ನಿಜ. ಅದರ ಜೊತೆಗೆ ತೆಳು ಉಂಗುರ, ಓಲೆ, ಚೈನೂ ಹೋಗುತ್ತವೆ. ಮೊಳೆ ಮಾತ್ರ ಹೋಗುವುದಿಲ್ಲ, ಅಲ್ಲೇ ಕೂತು ಕೂಗುತ್ತಿರುತ್ತದೆ. ಆ ಗುಂಡಿಯನ್ನು ಸೊನ್ನೆಯಲ್ಲೇ ಬಿಡಿ.

ಮನೆಯಲ್ಲೇ ಕಟ್ಟುವ ಪಿಐ

ಎಲೆಕ್ಟ್ರಾನಿಕ್ಸ್ ಗೊತ್ತಿರುವವರು ಇದನ್ನು ನೋಡಲೇಬೇಕು. ರಷ್ಯನ್ ಮಾತಾಡುವ ಹವ್ಯಾಸಿಗಳ ನಡುವೆ ಹುಟ್ಟಿ ಎಲ್ಲೆಡೆ ಹರಡಿದ ಪಿರಾಟ್ ಅನ್ನುವ ಸರ್ಕ್ಯೂಟ್ ಇದೆ. ಒಂದು ಎನ್‌ಇ 555, ಒಂದು ಟಿಎಲ್ 072, ಒಂದು ಐಆರ್‌ಎಫ್ 740 ಮಾಸ್‌ಫೆಟ್, 12 ವೋಲ್ಟ್ ಬ್ಯಾಟರಿ. ಕಾಯಿಲ್‌ಗೆ 19 ಸೆಂಟಿಮೀಟರ್ ಅಡ್ಡಳತೆಯಲ್ಲಿ ಅರ್ಧ ಮಿಲಿಮೀಟರ್ ತಾಮ್ರದ ತಂತಿ 25 ಸುತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಇದಿಷ್ಟೂ ಸಿಗುತ್ತದೆ. ಪೈಪು, ಹೆಡ್‌ಫೋನ್ ಸೇರಿ ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ.

ಸಣ್ಣ ಚಿನ್ನಕ್ಕೆ ಇದು ಆಗುವುದಿಲ್ಲ, ಇದರ ಡಿಲೇ ಉದ್ದ. ದಪ್ಪ ಉಂಗುರ, ಬಳೆ, ದೊಡ್ಡ ನಾಣ್ಯಕ್ಕೆ ಆಗುತ್ತದೆ. ಕಾಯಿಲ್‌ನ ಎರಡು ತುದಿಗೆ ಹಾಕುವ ಡ್ಯಾಂಪಿಂಗ್ ರೆಸಿಸ್ಟರ್ ಸರಿಯಾಗಿ ಹೊಂದಿಸಿದಷ್ಟೂ ಕಿವಿ ಚುರುಕಾಗುತ್ತದೆ. ಆಸಿಲ್ಲೊಸ್ಕೋಪ್ ಇದ್ದವರಿಗೆ ಅದು ಸುಲಭ. ಕಾಯಿಲ್‌ಗೆ ಎಪಾಕ್ಸಿ ಸುರಿದು ಪೂರ್ತಿ ಮುಚ್ಚಬೇಕು. ಒಂದು ಸೂಜಿಮೊನೆಯಷ್ಟು ತೂತಿದ್ದರೂ ಉಪ್ಪುನೀರು ದಾರಿ ಹುಡುಕಿಕೊಳ್ಳುತ್ತದೆ. ಡಬ್ಬಿ ಹಿಡಿದು ಮೊಣಕಾಲು ನೀರಿಗಿಂತ ಆಚೆ ಹೋಗುವಂತಿಲ್ಲ. ಆದರೂ ಪಿಐ ಅಂದರೆ ಏನು ಅನ್ನುವುದನ್ನು ಇಷ್ಟು ಕಮ್ಮಿ ದುಡ್ಡಿನಲ್ಲಿ ಕಲಿಸುವ ಬೇರೆ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ನಡುವಿನ ದಾರಿ ನೊಕ್ಟಾದ ಪಲ್ಸ್‌ಡೈವ್. ಕೈಯಲ್ಲಿ ಹಿಡಿಯುವ ಸಣ್ಣ ಪಿಐ, ಇನ್ನೂರು ಡಾಲರ್ ಆಸುಪಾಸು, 60 ಮೀಟರ್ ನೀರಿಗೆ ಹೋಗುತ್ತದೆ. "ಉಂಗುರ ಇಲ್ಲೇ, ಈ ಹತ್ತು ಅಡಿಯೊಳಗೆ ಬಿದ್ದಿದೆ" ಅಂತ ಗೊತ್ತಿದ್ದರೆ ಇದು ಸಾಕು. ಇಡೀ ಬೀಚು ಗುಡಿಸುವುದಕ್ಕಲ್ಲ.

ಪಿಐ ತೀರಕ್ಕೆ ತಂದ ಮೇಲೆ

ಮೊದಲು ಮೊಬೈಲು ಏರೋಪ್ಲೇನ್ ಮೋಡ್‌ಗೆ. ಸ್ಮಾರ್ಟ್‌ವಾಚ್, ಕೈಯ ಉಂಗುರ, ಕಡಗ ಮನೆಯಲ್ಲೇ ಇರಲಿ. ಕಾಯಿಲ್‌ನ ವೈರನ್ನು ಕೋಲಿಗೆ ಬಿಗಿಯಾಗಿ ಸುತ್ತಿ. ಜೋತಾಡುವ ವೈರು ಅಲೆಗೆ ಅಲುಗಿದಾಗ ಸುಳ್ಳು ಸದ್ದು ಬರುತ್ತದೆ.

ಕಾಯಿಲ್ ಗಾಳಿಯಲ್ಲಿ ಎತ್ತಿ ಹಿಡಿದು ಥ್ರೆಶೋಲ್ಡ್ ಗುಂಡಿ ತಿರುಗಿಸಿ. ಸೊಳ್ಳೆ ದೂರದಲ್ಲಿ ಗುಂಯ್ ಅಂದಷ್ಟು ಸಣ್ಣ ಸದ್ದು ಹಿನ್ನೆಲೆಯಲ್ಲಿ ಇರಬೇಕು. ಪೂರ್ತಿ ಮೌನಕ್ಕೆ ಇಳಿಸಬೇಡಿ. ಆಳದ ಉಂಗುರ "ಬೀಪ್" ಅನ್ನುವುದಿಲ್ಲ, ಆ ಗುಂಯ್‌ಕಾರ ಒಂಚೂರು ಉಬ್ಬಿ ಇಳಿಯುತ್ತದೆ ಅಷ್ಟೆ. ಮೌನದಲ್ಲಿಟ್ಟರೆ ಆ ಉಬ್ಬು ಕೇಳಿಸುವುದೇ ಇಲ್ಲ. ಗಾಳಿಯಲ್ಲೇ ಯಂತ್ರ ಕೊಸರಾಡುತ್ತಿದ್ದರೆ ಹತ್ತಿರ ವಿದ್ಯುತ್ ತಂತಿಯೋ ಟವರೋ ಇರುತ್ತದೆ, ಜಾಗ ಬದಲಿಸಿ.

ನಂತರ ಲೋಹ ಇಲ್ಲದ ಒದ್ದೆ ಮರಳಿನ ಮೇಲೆ ಕಾಯಿಲ್ ಮೇಲೆ ಕೆಳಗೆ ಆಡಿಸಿ. ಡಿಲೇ ಹೊಂದಿಸುವ ಯಂತ್ರವಾದರೆ 10ರಿಂದ ಶುರು ಮಾಡಿ, ಮರಳು ಸುಮ್ಮನಾಗುವ ತನಕ ಒಂದೊಂದೇ ಏರಿಸಿ, ಅಲ್ಲಿಗೆ ನಿಲ್ಲಿಸಿ. ಅಲೆ ಹೊಡೆಯುವ ಜಾಗಕ್ಕೆ ಇಳಿದಾಗ ಇನ್ನೊಂದೆರಡು ಏರಿಸಬೇಕಾಗಬಹುದು, ಮೇಲೆ ಬಂದಾಗ ಮತ್ತೆ ಇಳಿಸಿ. ಈ ಇಳಿಸುವುದನ್ನೇ ಎಲ್ಲರೂ ಮರೆಯುವುದು.

ಒಂದು ಹಳೆಯ ಉಂಗುರಕ್ಕೆ ಉದ್ದ ದಾರ ಕಟ್ಟಿ ಒಂದು ಗೇಣು ಆಳಕ್ಕೆ ಹೂತು, ಅದರ ಮೇಲೆ ಹಾದುಹೋಗಿ. ದಾರ ಇರದಿದ್ದರೆ ಹೂತದ್ದು ನಿಜವಾಗಿಯೂ ಕಳೆದೀತು. ಆ ಸದ್ದು ಕಿವಿಗೆ ಕೂರುವ ತನಕ ಮುಂದೆ ಹೋಗಬೇಡಿ.

ನಡಿಗೆ ನಿಧಾನ ಇರಲಿ. ಕಾಯಿಲ್ ನೆಲಕ್ಕೆ ತಾಗುವಷ್ಟು ಕೆಳಗೆ, ಎರಡೂ ತುದಿಯಲ್ಲಿ ಮೇಲೇಳದಂತೆ, ಹಿಂದಿನ ಬೀಸಿನ ಅರ್ಧವನ್ನು ಮತ್ತೆ ಮುಚ್ಚುವಂತೆ ಬೀಸಬೇಕು. ಸದ್ದು ಬಂದರೆ ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಬೀಸಿ. ಗೆರೆಗಳು ಕೂಡುವಲ್ಲಿ ಅಗೆಯಿರಿ. ಒಂದು ದಿಕ್ಕಿನಲ್ಲಿ ಒಂದೇ ಸದ್ದು, ಇನ್ನೊಂದು ದಿಕ್ಕಿನಲ್ಲಿ ಎರಡು ಸದ್ದು ಬಂದರೆ ಅದು ಉದ್ದನೆಯ ಕಬ್ಬಿಣ, ಹೆಚ್ಚಾಗಿ ಮೊಳೆ ಅಥವಾ ಹೇರ್‌ಪಿನ್. ಪಿಐ ಕೊಡುವ ಕಸದ ಸುಳಿವು ಇಷ್ಟೇ. ಆದರೂ ಚೆನ್ನಾಗಿ ಕಲಿತರೆ ಬೆನ್ನು ಉಳಿಯುತ್ತದೆ.

ಅಗೆಯಲು ತೂತಿನ ಸ್ಕೂಪ್ ಬೇಕೇಬೇಕು. ಹೊರಗಿನಿಂದ ತರಿಸಬೇಡಿ. ದೋಣಿ ಕೆಲಸ ಮಾಡುವ ವೆಲ್ಡರ್‌ಗಳು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇದಕ್ಕಿಂತ ಗಟ್ಟಿ ಮಾಡಿಕೊಡುತ್ತಾರೆ. ತೂತು 8ರಿಂದ 10 ಮಿಲಿಮೀಟರ್ ಇರಲಿ, ಮರಳು ಬೇಗ ಸೋರುತ್ತದೆ, ಉಂಗುರ ಉಳಿಯುತ್ತದೆ. ಬೀಸುವಾಗ ಸ್ಕೂಪನ್ನು ಬೆನ್ನ ಹಿಂದೆ ಎಳೆದುಕೊಳ್ಳಿ, ಇಲ್ಲದಿದ್ದರೆ ಯಂತ್ರ ಅದಕ್ಕೇ ಕೂಗುತ್ತದೆ. ಅಗೆದ ಗುಂಡಿ ಮುಚ್ಚಿ.

ಹೊತ್ತು ನೋಡುವುದು ಕ್ಯಾಲೆಂಡರ್‌ನಲ್ಲಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೆ. ಪೂರ್ತಿ ಇಳಿತಕ್ಕೆ ಎರಡು ಗಂಟೆ ಮುಂಚೆ ಶುರು ಮಾಡಿ, ನೀರನ್ನು ಹಿಂಬಾಲಿಸುತ್ತಾ ಕೆಳಗೆ ಹೋಗಿ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಕಾಯಿಲ್‌ನ ಕವರ್ ತೆಗೆದು ಒಳಗಿನ ಮರಳು ಝಾಡಿಸಿ. ಬ್ಯಾಟರಿ ಮುಚ್ಚಳದ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿ. ಅಲ್ಲಿ ಕೂತ ಒಂದು ಮರಳಿನ ಕಣವೇ ಮುಂದಿನ ಸಲ ನೀರು ಒಳಬಿಡುವುದು.

ಹಾಗಾದರೆ ಯಾರಿಗೆ ಯಾವುದು?

ಜನ ಮತ್ತು ಕಸ ಎರಡೂ ಜಾಸ್ತಿ ಇರುವ ಬೀಚು, ಒಂದೇ ಯಂತ್ರ ಕೊಳ್ಳುವಷ್ಟು ದುಡ್ಡು ಅಂದರೆ ಬಹು ಫ್ರೀಕ್ವೆನ್ಸಿಯದೇ ಕೊಳ್ಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಊರಿನ ತೋಟಕ್ಕೂ, ಗದ್ದೆಗೂ ಅದೇ ಆಗುತ್ತದೆ. ನೀವು ಹೋಗುವುದು ಗುಡಿಸಿದ ಬೀಚು ಅಥವಾ ಕಪ್ಪು ಮರಳು, ಸೊಂಟದ ನೀರಿಗೂ ಇಳಿಯುತ್ತೀರಿ, ಸದ್ದು ಬಂದದ್ದೆಲ್ಲ ಅಗೆಯುವ ತಾಳ್ಮೆ ಇದೆ ಅಂದರೆ ಪಿಐ. ಸ್ಕೂಬಾ ಮಾಡುವವರಿಗೂ ಪಿಐ. ಬೆನ್ನು ನೋವಿರುವವರು, ಮಕ್ಕಳ ಜೊತೆ ಹೋಗುವವರು ಪಿಐ ಕಡೆ ನೋಡಲೇಬೇಡಿ. ಎಂಜಿನಿಯರಿಂಗ್ ಓದುತ್ತಿರುವವರು ಪಿರಾಟ್ ಕಟ್ಟಿ. ಒಮ್ಮೆ ಕಳೆದ ಒಂದು ಉಂಗುರಕ್ಕಾಗಿ ಯಂತ್ರ ಕೊಳ್ಳಲು ಹೊರಟವರು, ದಯವಿಟ್ಟು, ಯಂತ್ರ ಇರುವ ಒಬ್ಬರನ್ನು ಹುಡುಕಿ ಕರೆತನ್ನಿ. ಬಿದ್ದ ಜಾಗದ ಫೋಟೋ, ಹಿನ್ನೆಲೆಯಲ್ಲಿ ಕಾಣುವ ಮರ ಅಥವಾ ಅಂಗಡಿ ಸಮೇತ, ಅವತ್ತೇ ತೆಗೆದಿಡಿ. ಅದು ಯಾವ ಯಂತ್ರಕ್ಕಿಂತಲೂ ಹೆಚ್ಚು ಸಹಾಯ ಮಾಡುತ್ತದೆ.

ಹೊರದೇಶದ ಕನ್ನಡಿಗರಿಗೂ ಲೆಕ್ಕ ಇದೇ. ಫ್ಲೋರಿಡಾದ ಗಲ್ಫ್ ಕಡೆಯ ಬಿಳಿ ಮರಳಿಗೆ ಬಹು ಫ್ರೀಕ್ವೆನ್ಸಿ ಧಾರಾಳ ಸಾಕು. ಆಕ್ಲೆಂಡ್‌ನಲ್ಲಿದ್ದು ಪೀಹಾದಂಥ ಪಶ್ಚಿಮ ತೀರದ ಕಪ್ಪು ಕಬ್ಬಿಣದ ಮರಳಿಗೆ ಹೋಗುವವರಿಗೆ ಪಿಐ ನಿಜಕ್ಕೂ ಬೇಕು.

ಲಾಂಗ್ ರೇಂಜ್ ಗೋಲ್ಡ್ ಡಿಟೆಕ್ಟರ್ ಅಂತ ಎರಡು ಆಂಟೆನಾ ಇರುವ ಪಿಸ್ತೂಲಿನಂಥದ್ದು ತೋರಿಸಿ, ನೂರು ಮೀಟರ್ ದೂರದ ನಿಧಿ ಹೇಳುತ್ತದೆ ಅನ್ನುವವರು ಸಿಗುತ್ತಾರೆ. ಅದು ಶುದ್ಧ ಮೋಸ.

ನಿಧಿ ಅಂದಾಗ ಕಾನೂನಿನ ಮಾತೂ ಬಂತು. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಹಳೆಯ ನಾಣ್ಯ, ವಿಗ್ರಹದಂಥದ್ದು ಕಂಡರೆ ಅಗೆಯುವುದು ನಿಲ್ಲಿಸಿ ಜಿಲ್ಲಾಡಳಿತಕ್ಕೆ ಹೇಳಿ. ಸಂರಕ್ಷಿತ ಸ್ಮಾರಕದ ಆವರಣದಲ್ಲಂತೂ ಅಗೆಯುವಂತೆಯೇ ಇಲ್ಲ. ಮೊನ್ನೆ ಯಾರೋ ಕಳೆದ ಉಂಗುರ ನಿಧಿಯಲ್ಲ, ಆದರೆ ಅದು ನಿಮ್ಮದೂ ಅಲ್ಲ. 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಸಿಕ್ಕವರು ಅದನ್ನು ಜೋಪಾನ ಮಾಡುವ ಹೊಣೆಯವರು. ಪೊಲೀಸ್ ಠಾಣೆಗೆ ತಿಳಿಸಿಡಿ.

ಹೋಗುವ ಮುಂಚೆ ಬೀಚಿನ ಉಸ್ತುವಾರಿಯವರಿಗೆ, ಲೈಫ್‌ಗಾರ್ಡ್‌ಗಳಿಗೆ ಒಂದು ಮಾತು ಹೇಳಿ. ನಮ್ಮಲ್ಲಿ ಈ ಹವ್ಯಾಸ ಅಪರೂಪ, ಕೋಲು ಹಿಡಿದು ಬೆಳಗಿನ ಜಾವ ಅಗೆಯುವವರನ್ನು ಕಂಡು ಜನ ಏನೇನೋ ಅಂದುಕೊಳ್ಳುತ್ತಾರೆ. ಕಾರವಾರದ ನೌಕಾನೆಲೆ, ಬಂದರುಗಳ ಹತ್ತಿರ ಹೋಗಲೇಬೇಡಿ. ಚಳಿಗಾಲದಲ್ಲಿ ಹೊನ್ನಾವರ, ಕುಂದಾಪುರ, ಕಾರವಾರದ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆ ಬೇಲಿ ಕಟ್ಟಿದ ಜಾಗದಿಂದ ದೂರ ಇರಿ, ಮೇಲಿನ ಒಣ ಮರಳನ್ನು ಆ ತಿಂಗಳುಗಳಲ್ಲಿ ಕೆದಕದಿದ್ದರೆ ಇನ್ನೂ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯಬಾರದೆಂದು ಬಲೆ ಕಟ್ಟಿದರೆ ಅದರ ಆಚೆ ಕಾಲಿಡಬೇಡಿ.

ಯಾವುದನ್ನೇ ತರಿಸಿದರೂ ವಾಪಸ್ ಕಳಿಸುವ ಅವಧಿ ಮುಗಿಯುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಉಂಗುರ, ಮನೆಯ ತೆಳು ಚೈನು, ಒಂದು ಕಾಲುಂಗುರ, ಹೇರ್‌ಪಿನ್, ಒಂದು ರೂಪಾಯಿ, ಬಲೆಯ ಸೀಸದ ಗುಂಡು ಇಷ್ಟನ್ನು ಬೀಚಿಗೆ ಒಯ್ಯಿರಿ. ಒದ್ದೆ ಮರಳಿನ ಮೇಲೆ ಒಂದೊಂದನ್ನೇ ಮರದ ಪಟ್ಟಿಗೆ ಅಂಟಿಸಿ ಇಟ್ಟು, ಕಾಯಿಲ್ ಎಷ್ಟು ಬೆರಳು ಮೇಲಿದ್ದಾಗ ಸದ್ದು ನಿಲ್ಲುತ್ತದೆ ಅಂತ ಬರೆದಿಟ್ಟುಕೊಳ್ಳಿ. ಉಂಗುರಕ್ಕೆ ಒಂದು ಗೇಣೂ ಬರದಿದ್ದರೆ ಸೆಟ್ಟಿಂಗ್ ಮತ್ತೊಮ್ಮೆ ನೋಡಿ. ಆಮೇಲೂ ಬರದಿದ್ದರೆ ಡಬ್ಬಿಗೆ ತುಂಬಿ ವಾಪಸ್ ಕಳಿಸಿ.